ಪಾಸಿನವರು

ಆಸ್ಪತ್ರೆಯ ಬಟ್ಟೆಮನೆಯಲ್ಲಿ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವ ಅವಳನ್ನು ಬಸ್ಸಿನವರೆಲ್ಲ ಇಸ್ತ್ರಿಯಕ್ಕ ಎನ್ನುತ್ತಾರೆ. ಹೋದ ವರ್ಷ ಗಂಡ, ಹೊಗೆ ಬಿಟ್ಟು ಗಾಳಿ ಕೆಡಿಸಬಾರದೆಂದು, ಸ್ಕೂಟರ್ ಮಾರಿದ. ಕಚೇರಿಯಲ್ಲಿ ಚಪ್ಪಾಳೆ ಬಿತ್ತು. ಅವನ ಕಚೇರಿ ಹತ್ತು ನಿಮಿಷದ ನಡಿಗೆ. ಸ್ಕೂಟರು ಹೊರುತ್ತಿದ್ದ ಅಕ್ಕಿ, ತರಕಾರಿ, ಅತ್ತೆಯ ಔಷಧಿ ಎಲ್ಲ ಅವಳ ಎರಡು ಕೈಗೆ ಬಂದವು. ಕೆಲಸಕ್ಕೆ ಹೋಗಲು ಆರೂಕಾಲಿನ ಬಸ್ಸೇ ಗತಿಯಾಯಿತು.

ಈಗ ಆ ಬಸ್ಸಿಗೂ ಸಂಚಕಾರ. ನಿಲ್ದಾಣದ ಕಂಬಕ್ಕೆ ಚೀಟಿ ಅಂಟಿಸಿದ್ದಾರೆ: ಪ್ರಯಾಣಿಕರಿಲ್ಲದ ಕಾರಣ ತಿಂಗಳ ಕೊನೆಗೆ ರದ್ದು. ಮುಂದಿನದು ಏಳೂವರೆಗೆ. ಬಟ್ಟೆಮನೆಯಲ್ಲಿ ಏಳಕ್ಕೇ ಹಾಜರಿ. ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಮೇಲ್ವಿಚಾರಕಿ ಹೇಳಿಬಿಟ್ಟಿದ್ದಾಳೆ.

“ಸೈಕಲ್ ಕಲೀಬಾರದಾ? ಮನಸ್ಸಿದ್ರೆ ಮಾರ್ಗ,” ಎಂದ ಗಂಡ, ಊಟದ ಡಬ್ಬಿಗೆ ಕಾಯುತ್ತಾ.

“ಮಾರ್ಗ ಇದೆ ರೀ, ಹನ್ನೆರಡು ಕಿಲೋಮೀಟರ್. ಡಬ್ಬಿ ನೀವೇ ಕಟ್ಕೊಳ್ಳಿ, ನಾಳೆಯಿಂದಲೇ ಕಲೀತೀನಿ.”

“ಕಲೀಲಿ ಬಿಡೋ,” ಒಳಗಿನಿಂದ ಅತ್ತೆ. “ಬಿದ್ರೆ ಆಸ್ಪತ್ರೆ ಹೇಗೂ ಅವಳದ್ದೇ.”

ಅವಳಿಗೆ ನಗು ಬರಲಿಲ್ಲ. ಪ್ರಯಾಣಿಕರಿಲ್ಲ ಎಂದರೇನು? ದಿನಾ ನೇತಾಡಿಕೊಂಡು ಹೋಗುವ ಮೂವತ್ತು ಹೆಂಗಸರೇನು ದೆವ್ವಗಳೇ?

ಮರುದಿನ ಕಣ್ಣಿಟ್ಟು ನೋಡಿದಾಗ ಗುಟ್ಟು ತಿಳಿಯಿತು. ಹೆಚ್ಚುಕಡಿಮೆ ಎಲ್ಲರದ್ದೂ ತಿಂಗಳ ಪಾಸು. ಪ್ರತಿ ಪಾಸಿಗೂ ಕಂಡಕ್ಟರ್ ಯಂತ್ರದಲ್ಲಿ ಗುಂಡಿ ಒತ್ತಬೇಕು. ಅವನೋ, “ಪಾಸಾ? ಒಳಗೆ ನಡೀರಿ,” ಎಂದು ಕೈಬೀಸುತ್ತಿದ್ದ. ಯಂತ್ರದ ಲೆಕ್ಕವನ್ನಷ್ಟೇ ನೋಡುವ ಡಿಪೋದವರ ಕಣ್ಣಿಗೆ ಆ ಬಸ್ಸಿನಲ್ಲಿ ಟಿಕೆಟ್ ಕೊಂಡ ನಾಲ್ಕೇ ಜನ.

ಸೋಮವಾರ ಅವಳು ಮೆಟ್ಟಿಲ ಮೇಲೆಯೇ ನಿಂತಳು. ಪಾಸು ಮುಂದೆ ಚಾಚಿದಳು. “ಗುಂಡಿ ಒತ್ತಣ್ಣ.”

“ಲೇಟಾಗುತ್ತಮ್ಮ! ಎಷ್ಟು ಜನಕ್ಕೆ ಅಂತ ಒತ್ತಲಿ?”

“ಇರೋರಿಗೆಲ್ಲ.”

ಚಾಲಕ ಹಾರ್ನ್ ಬಾರಿಸಿದ. ಹಿಂದಿದ್ದ ಅಡುಗೆಯಾಕೆ ಬೆನ್ನಿಗೆ ತಿವಿದಳು. “ದಾರಿ ಬಿಡಕ್ಕ. ನಮ್ಮ ಯಜಮಾನಿ ಬೈಯೋಕೆ ಬಾಗಿಲಲ್ಲೇ ನಿಂತಿರ್ತಾಳೆ.”

ಇಸ್ತ್ರಿಯಕ್ಕ ಕದಲಲಿಲ್ಲ. “ಇವತ್ತು ಬೈಸ್ಕೊ. ಈ ಬಸ್ ಹೋದ್ರೆ ಬೈಸ್ಕೊಳ್ಳೋಕೂ ಕೆಲಸ ಇರಲ್ಲ.”

ಅಡುಗೆಯಾಕೆ ಚೀಲದಿಂದ ತನ್ನ ಪಾಸು ತೆಗೆದಳು. ಅದನ್ನು ಕಂಡಕ್ಟರನ ಮೂಗಿಗೆ ಹಿಡಿದಳು. “ನಂದೂ ಒತ್ತು.”

ಯಂತ್ರ ಕಿರುಗುಟ್ಟುತ್ತಲೇ ಇತ್ತು. ಬಸ್ಸು ಆಸ್ಪತ್ರೆ ಮುಟ್ಟಿದಾಗ ಏಳು ದಾಟಿ ಒಂಬತ್ತು ನಿಮಿಷ. ಬಟ್ಟೆಮನೆಯ ಆರೂ ಹೆಂಗಸರು ಏದುಸಿರು ಬಿಡುತ್ತಾ ಹಾಜರಿ ಪುಸ್ತಕದ ಮುಂದೆ ನಿಂತರು.

“ಏನಿದು, ಎಲ್ಲರೂ ಒಟ್ಟಿಗೇ ಲೇಟಾ?” ಮೇಲ್ವಿಚಾರಕಿ ಗದರಿದಳು.

“ಎಲ್ಲರದ್ದೂ ಒಂದೇ ಬಸ್ಸು, ಮೇಡಂ,” ಎಂದಳು ಇಸ್ತ್ರಿಯಕ್ಕ.

ಮೇಲ್ವಿಚಾರಕಿ ಆರು ಮುಖ ನೋಡಿದಳು, ಗೋಡೆಯೆತ್ತರ ಬಿದ್ದಿದ್ದ ಬಟ್ಟೆ ನೋಡಿದಳು, ಪೆನ್ನು ಮುಂದೆ ತಳ್ಳಿದಳು. ಇಸ್ತ್ರಿಯಕ್ಕ ಸಹಿ ಹಾಕಿದಳು. ತಿಂಗಳ ಕೊನೆಗೆ ಇನ್ನೂ ಹನ್ನೊಂದು ದಿನ. ಅಷ್ಟೂ ದಿನ ಎಲ್ಲರ ಪಾಸೂ ಯಂತ್ರದ ಲೆಕ್ಕಕ್ಕೆ ಬೀಳಬೇಕು. ನಾಳೆ ಬೇರೆ ಕಂಡಕ್ಟರ್ ಬಂದರೆ?