ಅಲೆಗೆಂದು ಹೊಲಿದ ಸೀರೆ

ಹೊಲಿಗೆ ಮೆಷಿನ್ನಿಗೆ ಬಿಡುವ ಎಣ್ಣೆಗೆ ಅದರದೇ ಒಂದು ವಾಸನೆಯಿದೆ. ಸೀಮೆಎಣ್ಣೆಯಷ್ಟು ಘಾಟಿಲ್ಲ, ಆದರೆ ಮೂಗಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಮೊನ್ನೆ ಶ್ರೀನಿವಾಸಪುರದಲ್ಲಿ ಆಫೀಸು ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದಾಗ ರಸ್ತೆ ಬದಿಯಲ್ಲಿ ಯಾರೋ ಒಬ್ಬರು ಹಳೇ ಮೆಷಿನ್ನಿಗೆ ಎಣ್ಣೆ ಬಿಡುತ್ತ ಕೂತಿದ್ದರು. ಆ ವಾಸನೆಗೆ ನನ್ನ ಕಾಲು ತಾನಾಗಿ ನಿಂತಿತು. ನಂಗಲಿಯ ನಮ್ಮ ಟೈಲರ್ ಮಾಮು ಕಣ್ಣೆದುರು ಬಂದರು. ಕುತ್ತಿಗೆಯಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು, ಹಲ್ಲಿನ ನಡುವೆ ಒಂದು ತುಂಡು ದಾರ...

ಹೈವೇ ಪಕ್ಕದಲ್ಲಿ ಅಪ್ಪನದು ಲಾರಿಗಳಿಗೆ ಪಂಕ್ಚರ್ ಹಾಕುವ ಅಂಗಡಿ. ಅದಕ್ಕೆ ಗೋಡೆ ಹಂಚಿಕೊಂಡಂತೆ ಮಾಮುವಿನ ಟೈಲರ್ ಅಂಗಡಿ. ನಾನು ದಿನಾ ಕೋಲಾರಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಬಿ.ಕಾಂ. ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಹೀಗೆ ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಆ ಮೂರು ವರ್ಷವೂ ನನಗಿದ್ದ ಎರಡೇ ಚೂಡಿದಾರಗಳನ್ನು ಬಿಚ್ಚಿ, ತಿರುಗಿಸಿ, ಮತ್ತೆ ಹೊಲಿದು, ಯಾರೂ ಹಳೇದೆನ್ನದ ಹಾಗೆ ಕಾಲೇಜಿಗೆ ಕಳಿಸಿದವರು ಮಾಮು.

ರಿಸಲ್ಟ್ ಬಂದ ದಿನ ಅಪ್ಪ, "ಏನ್ ಬೇಕು ಕೇಳಮ್ಮಾ" ಅಂದ. ಕ್ಲಾಸಿನವರೆಲ್ಲ ಹೋಗಿಬಂದಿದ್ದ, ಬೆಂಗಳೂರಿನ ಆಚೆಗಿನ ಆ ದೊಡ್ಡ ಪಾರ್ಕಿಗೆ ಮನೆಮಂದಿಯೆಲ್ಲ ಹೋಗೋಣ ಅಂದೆ. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತಿದಳು.

"ಅಲ್ಲಿ ಸಮುದ್ರ ಮಾಡವ್ರಂತಲ್ಲೇ? ಅಲೆ ಬರ್ತಾವಂತೆ, ನಿಜವಾ?"

ಅಜ್ಜಿ ಹುಟ್ಟಿದ್ದು ದೇವರಾಯಸಮುದ್ರದಲ್ಲಿ. ಅಲ್ಲಿಯ ಕೆರೆಯೇ ಅವಳು ಜೀವಮಾನದಲ್ಲಿ ಕಂಡ ದೊಡ್ಡ ನೀರು. ಎಪ್ಪತ್ತು ದಾಟಿದ್ದಳು. ಅವಳು ತನಗಾಗಿ ಇಂಥದ್ದು ಬೇಕು ಅಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವತ್ತು ಅಂದಳು: "ಒಂದ್ ಸಲ ಅಲೆ ಒಳಗೆ ನಿಂತ್ಕೋಬೇಕು ಕಣೇ."

ಗೆಳತಿಯ ಹತ್ತಿರ ಇಸಕೊಂಡಿದ್ದ ಪಾರ್ಕಿನ ಪಾಂಪ್ಲೆಟ್ ಓದಿದೆ. ನೀರಿಗಿಳಿಯುವವರು ನೈಲಾನ್ ಬಟ್ಟೆಯನ್ನೇ ಹಾಕಬೇಕು, ಸೀರೆ ಉಟ್ಟವರನ್ನು ಬಿಡುವುದಿಲ್ಲ ಎಂದಿತ್ತು. ಅಜ್ಜಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. "ಈ ವಯಸ್ಸಲ್ಲಿ ಪ್ಯಾಂಟ್ ಹಾಕ್ಕೊಳ್ಳಾ? ಹೋಗ್ರೇ, ನೀವು ಆಟ ಆಡ್ಕೊಳ್ಳಿ. ನಾನು ಬ್ಯಾಗ್ ಕಾಯ್ತೀನಿ."

ಸಂಜೆ ಅಂಗಡಿಯಲ್ಲಿ ಈ ಮಾತು ಬಂದಾಗ ಮಾಮು ಮೆಷಿನ್ ನಿಲ್ಲಿಸಿದರು. "ಬೇಟಾ, ಸೀರೆ ಯಾಕೆ ಬೇಡ ಅಂತ ಅದ್ರಲ್ಲಿ ಬರೆದವ್ರಾ?"

ಬರೆದಿರಲಿಲ್ಲ. ಪಾಂಪ್ಲೆಟ್ಟಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅಲೆಯಲ್ಲಿ ನೆರಿಗೆ ಬಿಚ್ಚಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಬಿದ್ದರೆ ಅಪಾಯ ಅಂದರು. ಮಾಮುವಿನ ಮುಖ ಅರಳಿತು. "ಅಷ್ಟೇನಾ! ಹಂಗಾದ್ರೆ ಬಿಚ್ಚದೇ ಇರೋ ಸೀರೆ ಹೊಲಿಯೋಣ ಬಿಡು."

ಮಾಮು ಯಾವ ಬಟ್ಟೆಗೂ ನೇರವಾಗಿ ಕತ್ತರಿ ಹಾಕಿದವರಲ್ಲ. ಮೊದಲು ಕಾಕಿ ಪೇಪರಿನಲ್ಲಿ ಕತ್ತರಿಸಿ ನೋಡಬೇಕು. ನಮ್ಮ ಪ್ರವಾಸವನ್ನೂ ಹಾಗೇ ಕಟಿಂಗ್ ಟೇಬಲ್ಲಿನ ಮೇಲೆ ಹಾಸಿದರು. ನಾವು ಎಂಟು ಜನ: ಅಪ್ಪ, ಅಮ್ಮ, ಅಜ್ಜಿ, ನಾನು, ನಮ್ಮತ್ತೆ, ಅವಳ ಏಳು ವರ್ಷದ ಮಗ, ಮಾಮು, ಮಾಮಿ. ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ಯಾವ ಆಟಕ್ಕೆ ಎಷ್ಟು ಎತ್ತರ ಬೇಕೆಂದು ನಾನು ಇಂಗ್ಲಿಷಿನಲ್ಲಿ ಓದಿ ಹೇಳಿದೆ, ಅವರು ಇಂಚಿಗೆ ತಿರುಗಿಸಿ ಬರೆದುಕೊಂಡರು. ಅಜ್ಜಿಯ ಮೊಣಕಾಲು ಒಂದೇ ಸಲಕ್ಕೆ ಎಷ್ಟು ದೂರ ನಡೆದೀತು, ಅಮ್ಮನಿಗೆ ತಲೆಸುತ್ತು ಬರುವಂಥ ಆಟ ಯಾವುದು, ಮಗುವಿಗೆ ಎಷ್ಟು ಹೊತ್ತಿಗೆ ಹಸಿವು... ಎಲ್ಲವೂ ಆ ಕಾಕಿ ಪೇಪರಿನ ಮೇಲೆ ಬಂತು. ಅಲೆಗೆ ಮಧ್ಯಾಹ್ನವೇ ಇಳಿಯಬೇಕು, ಬೆಳಗ್ಗೆ ನೀರು ತಣ್ಣಗಿದ್ದರೆ ಅಜ್ಜಿಗೆ ಆಗದು ಅಂದರು.

ಅಪ್ಪ ಬಾಗಿಲಲ್ಲಿ ನಿಂತು ನಕ್ಕ. "ಏನ್ ಭಾಯ್, ಪಾರ್ಕಿಗೆ ಹೋಗ್ತಿದೀವಾ, ಪಾರ್ಕಿಗೇ ಕೋಟು ಹೊಲೀತಿದೀಯಾ?"

"ನೀನು ಬಕೆಟ್ ನೀರಲ್ಲಿ ಟ್ಯೂಬ್ ಮುಳುಗ್ಸಿ ತೂತು ಹುಡುಕೋವಾಗ ನಾನು ನಗ್ತೀನಾ? ಹೋಗಪ್ಪಾ, ಲಾರಿ ಬಂದೈತೆ ನೋಡು."

ಎಂಟು ದಿನದಲ್ಲಿ ಸೀರೆ ಸಿದ್ಧವಾಯಿತು. ಕಡುನೀಲಿ ನೈಲಾನು. ಒಳಗೆ ಪೈಜಾಮ, ಸೊಂಟಕ್ಕೆ ಎಲಾಸ್ಟಿಕ್ಕು, ನೆರಿಗೆಗಳನ್ನು ಜೋಡಿಸಿ ಹೊಲಿದುಬಿಟ್ಟಿದ್ದರು. ಸೆರಗು ಭುಜಕ್ಕೂ ಸೊಂಟಕ್ಕೂ ಸೇರಿ ಕೂತಿತ್ತು. ಎಡವದಂತೆ ಅಂಚು ಕಾಲ್ಗಂಟಿನ ಮೇಲಕ್ಕೇ ನಿಂತಿತ್ತು. ಅಜ್ಜಿ ಕನ್ನಡಿಯೆದುರು ಹಿಂದೆ ಮುಂದೆ ತಿರುಗಿದಳು. "ನನ್ ಮದ್ವೇಲೂ ನೆರಿಗೆ ಇಷ್ಟು ನೆಟ್ಟಗೆ ಕೂತಿರ್ಲಿಲ್ಲ ನಾಯನಾ."

ಪಾರ್ಕಿನಲ್ಲಿ ಮೊದಲೇ ಒಂದು ಎಡವಟ್ಟಾಯಿತು. ಅತ್ತೆಯ ಮಗ ತಿಂಗಳಿಂದ ಕನಸು ಕಾಣುತ್ತಿದ್ದ ಆಟದ ಗೇಟಿನಲ್ಲಿ ಅವನನ್ನು ಅಳತೆಯ ಕಂಬಕ್ಕೆ ನಿಲ್ಲಿಸಿದರು. ಎರಡಿಂಚು ಕಡಿಮೆ. ಕಾಕಿ ಪೇಪರಿನಲ್ಲಿ ಸರಿಯಾಗಿತ್ತಲ್ಲ ಎಂದು ನಾವು ಮುಖ ಮುಖ ನೋಡಿಕೊಂಡೆವು. ಮಾಮು ಹಣೆ ಹಣೆ ಚಚ್ಚಿಕೊಂಡರು. ಬೆಳೆಯುವ ಮಕ್ಕಳ ಬಟ್ಟೆಗೆ ಯಾವಾಗಲೂ ಎರಡಿಂಚು ಹೆಚ್ಚಿಗೆ ಬಿಟ್ಟು ಬರೆಯುವ ಅಭ್ಯಾಸ ಅವರದು. ಹುಡುಗನ ಎತ್ತರವನ್ನೂ ಹಾಗೇ ಬರೆದಿದ್ದರು.

"ಏನ್ ಭಾಯ್, ಮುಂದಿನ್ ವರ್ಷದ ಎತ್ತರ ಈ ವರ್ಷಾನೇ ಬರ್ದಿದೀಯಲ್ಲ!" ಎಂದು ಅಪ್ಪ ರೇಗಿಸಿದ. ಅಳುತ್ತಿದ್ದ ಹುಡುಗನಿಗೆ ಮಾಮಿ ಐಸ್‌ಕ್ರೀಮ್ ಕೊಡಿಸಿದರು. ಎಲ್ಲರೂ ನಕ್ಕೆವು, ಮಾಮು ನಗಲಿಲ್ಲ. ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು, "ಬೇಟಾ, ಒಂದು ತಪ್ಪಿತು. ಸೀರೇನೂ ತಪ್ಪಿದ್ರೆ?"

ಮಧ್ಯಾಹ್ನ ಅಲೆಯ ಕೊಳದ ಹತ್ತಿರ ಕಾವಲಿಗಿದ್ದ ಹೆಂಗಸು ಕೈ ಅಡ್ಡ ಹಿಡಿದೇ ಬಿಟ್ಟಳು. "ಸೀರೆ ಉಟ್ಕೊಂಡು ಇಳಿಯಂಗಿಲ್ಲ ಅಜ್ಜಿ."

ಅಜ್ಜಿ ತಕ್ಷಣ ಹಿಂದಕ್ಕೆ ಹೆಜ್ಜೆ ಇಟ್ಟಳು. ಬೇಡ ಅನ್ನಿಸಿಕೊಂಡು ರೂಢಿಯಾದವರು ಇಡುವ ಹೆಜ್ಜೆ ಅದು. ಮಾಮು ಮುಂದೆ ಬಂದರು. ಜಗಳ ಆಡಲಿಲ್ಲ. "ಮೇಡಂ, ಇದು ನೈಲಾನು. ಎಳೀರಿ. ಜೋರಾಗಿ ಎಳೀರಿ. ಒಂದ್ ನೆರಿಗೆ ಬಿಚ್ಕೊಂಡ್ರೂ ನಾವೇ ವಾಪಸ್ ಹೋಗ್ತೀವಿ."

ಅವಳು ಅನುಮಾನದಿಂದಲೇ ನೆರಿಗೆ ಹಿಡಿದು ಎಳೆದಳು. ಆಮೇಲೆ ಸೆರಗು. ಅಜ್ಜಿ ಜೋಲಿ ಹೊಡೆದು ನಕ್ಕುಬಿಟ್ಟಳು. "ಎಳಿಯಮ್ಮಾ, ನಾಚ್ಕೋಬೇಡ, ಇನ್ನೂ ಎಳಿ!" ಒಂದು ಎಳೆಯೂ ಸಡಿಲಲಿಲ್ಲ. ಆ ಹೆಂಗಸು ತನ್ನ ಮೇಲಿನವರನ್ನು ಕರೆದು ತೋರಿಸಿದಳು. ಅವರು ಬಗ್ಗಿ ಬಟ್ಟೆ ಮುಟ್ಟಿ ನೋಡಿ, ಮೊಣಕಾಲುದ್ದ ನೀರಿನ ತನಕ ಬಿಡಿ ಅಂದರು.

ಸೈರನ್ ಕೂಗಿತು. ನಾನೊಂದು ಕಡೆ, ಅಮ್ಮ ಒಂದು ಕಡೆ ಅಜ್ಜಿಯ ಕೈ ಹಿಡಿದಿದ್ದೆವು. ಸುಮ್ಮನಿದ್ದ ನೀರು ದೂರದಲ್ಲಿ ಬೆನ್ನು ಎತ್ತಿತು. ಎತ್ತಿ, ಹತ್ತಿರ ಬಂದು, ನಮ್ಮನ್ನು ತೊಡೆಯವರೆಗೂ ತಬ್ಬಿ ಹಿಂದಕ್ಕೆ ಹೋಯಿತು. ಅಜ್ಜಿಯ ಬಾಯಿಂದ ಕನ್ನಡ ಹೋಗಿ ಅವಳ ತಾಯಿಯ ತೆಲುಗು ಬಂತು. "ಅಬ್ಬೋ... ಎನ್ನಿ ನೀಳ್ಳುರಾ ನಾಯನಾ! ಎನ್ನಿ ನೀಳ್ಳು!" ಎಷ್ಟೊಂದು ನೀರು, ಎಷ್ಟೊಂದು ನೀರು... ನಮ್ಮ ಕೈ ಬಿಡಿಸಿಕೊಂಡು ಆ ನೀರಿಗೆ ಕೈಮುಗಿದಳು. ಗೋಡೆಯ ಹಿಂದೆ ಮೋಟಾರು ನೂಕುವ ನೀರದು ಎಂದು ಓದಿದ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೈ ಜುಮ್ಮೆಂದಿತು. ಬದುಕಿಡೀ ಕೊಡ ಹೊತ್ತ ಜೀವ, ನೀರೇ ತನ್ನನ್ನು ಎತ್ತುತ್ತದೆ ಎಂದು ಅವತ್ತು ಕಂಡಿತು.

ತಿರುಗಿ ನೋಡಿದೆ. ದಡದಲ್ಲಿ ಬ್ಯಾಗುಗಳ ಪಕ್ಕ ಮಾಮು ನಿಂತಿದ್ದರು, ಕೈಯಲ್ಲಿ ದಾರ ಪೋಣಿಸಿದ ಸೂಜಿ.

ವಾಪಸ್ಸು ಬರುವಾಗ ಟೆಂಪೋದಲ್ಲಿ ಕೇಳಿದೆ, "ಮಾಮು, ಅಲೆ ಹೆಂಗಿತ್ತು?"

"ಎಲ್ಲಿ ನೋಡಿದೆ ಬೇಟಾ? ಹೊಲಿಗೇನೇ ನೋಡ್ತಿದ್ದೆ."

ಮುಂದಿನ ಸಲ ನೀವೇ ಮೊದಲು ಇಳಿಯಬೇಕು ಅಂದೆ. ಆ ಮುಂದಿನ ಸಲ ಬರಲಿಲ್ಲ. ನನಗೆ ಕೆಲಸ ಸಿಕ್ಕ ವರ್ಷ ಮಾಮು ತೀರಿಕೊಂಡರು. ಟ್ರೈನಿಂಗಿನಲ್ಲಿದ್ದೆ. ಬರುವಷ್ಟರಲ್ಲಿ ಮಣ್ಣಾಗಿತ್ತು... ಮರುವರ್ಷ ಅಜ್ಜಿಯೂ ಹೋದಳು.

ಈಗ ನನ್ನ ಮಕ್ಕಳು ಅದೇ ಪಾರ್ಕಿಗೆ ಹಟ ಹಿಡಿದಿದ್ದಾರೆ. ಟಿಕೆಟ್ಟು, ಗಾಡಿ ಎಲ್ಲ ಫೋನಿನಲ್ಲೇ ಮುಗಿಸಿದೆ. ಅಮ್ಮನಿಗೂ ವಯಸ್ಸಾಯಿತು. "ಸೀರೆ ಬಿಟ್ಟು ಬೇರೆ ಉಡಲ್ಲ, ನೀವು ಹೋಗ್ಬನ್ನಿ" ಅಂದಳು. ಅಜ್ಜಿಯ ನೀಲಿ ಸೀರೆ ಅಮ್ಮನಿಗೆ ಸಾಲುವುದಿಲ್ಲ, ಅವಳು ಎತ್ತರ. ಅದನ್ನೇ ಮಾದರಿಗೆಂದು ಮುಳಬಾಗಿಲಿನ ಒಬ್ಬ ಟೈಲರ್ ಹತ್ತಿರ ತಗೊಂಡು ಹೋದೆ.

ಆತ ಒಳಹೊರಗು ತಿರುಗಿಸಿ ಬಹಳ ಹೊತ್ತು ನೋಡಿದ. "ನೆರಿಗೆ ಹೆಂಗೆ ಕೂರ್ಸಿದಾರೆ ಅಂತ ಮೇಲಿಂದ ಗೊತ್ತಾಗಲ್ಲ ಅಕ್ಕಾ. ಬಿಚ್ಚಿದ್ರೇನೇ ಗೊತ್ತಾಗೋದು. ಬಿಚ್ಲಾ?"

ಮಾಮುವಿನ ಕೈಕೆಲಸವೆಂದು ನನ್ನ ಹತ್ತಿರ ಉಳಿದಿರುವುದು ಅದೊಂದೇ. ಬೇಡ ಅನ್ನಲು ಬಾಯಿ ತೆರೆದೆ. ಬೇಡ ಅಂದರೆ ಅಮ್ಮ ದಡದಲ್ಲೇ ಕೂರುತ್ತಾಳೆ.

"ಬಿಚ್ಚಿ," ಅಂದೆ.

ಆತ ಬ್ಲೇಡಿನ ತುದಿಯಿಂದ ಒಂದು ಸಾಲು ಬಿಡಿಸಿದ. ನೆರಿಗೆ ಅಲುಗಲಿಲ್ಲ. ಕೆಳಗೆ ಇನ್ನೊಂದು ಸಾಲಿತ್ತು. ಅದನ್ನೂ ಬಿಡಿಸಿದ. ಅದರ ಕೆಳಗೆ ಮತ್ತೊಂದು, ಇದು ಕೈಹೊಲಿಗೆ, ಎಳ್ಳುಕಾಳಿನಷ್ಟು ಸಣ್ಣ ಸಣ್ಣದು.

"ಇದಕ್ಕೆ ಒಂದ್ ಸಾಲು ಸಾಕಾಗಿತ್ತಲ್ಲಕ್ಕಾ," ಅಂದ ಆತ. "ಯಾಕೆ ಮೂರು ಹಾಕಿದಾರೆ?"

ನಾನು ರಸ್ತೆಯ ಕಡೆ ತಿರುಗಿ, ಹೋಗುವ ಲಾರಿಗಳನ್ನು ನೋಡುತ್ತ ನಿಂತೆ.