ಆರಿಸುವ ಜಾಗದಿಂದ ಒಬ್ಬರನ್ನು ಎಬ್ಬಿಸಿದ್ದು

ನನ್ನ ಮಾತು ಮುಗಿಯುವ ಮೊದಲೇ ಅವರು ಎದ್ದು ಹೋಗಬಹುದು. ಅಳಬಹುದು, ಆಗ ನಾನೂ ಅತ್ತುಬಿಡಬಹುದು. ಹೊರಗಿರುವ ಹಮಾಲರಿಗೆ ಕೇಳುವಂತೆ ನನ್ನ ವಂಶವನ್ನೆಲ್ಲ ಜಾಲಾಡಬಹುದು. ಮರುದಿನವೇ ನ್ಯಾಮತಿಯ ಯಾವುದಾದರೂ ಮಂಡಿಗೆ ಹೋಗಿ ಕೂರಬಹುದು, ಅವರ ಹಿಂದೆಯೇ ಅಡಿಕೆ ಆರಿಸುವ ಹೆಂಗಸರು ಎಂಟೂ ಜನ ಹೊರಡಬಹುದು. ಸುದ್ದಿ ಜಗಳೂರಿನ ನನ್ನ ಮಾವನವರ ಕಿವಿಗೆ ಬಿದ್ದು, ಅವರು ಫೋನ್ ಮಾಡಿ, “ಏನ್ರೀ ಅಳಿಯಂದಿರೆ, ಹಿರೇರನ್ನ ಹಿಂಗಾ ನಡೆಸ್ಕಳೋದು?” ಎನ್ನಬಹುದು. ಹೊನ್ನಾಳಿಯಿಂದ ಚನ್ನಗಿರಿಗೆ ದಿನಾ ಕೆಲಸಕ್ಕೆ ಬರುವ ಬಸ್ಸಿನಲ್ಲಿ ಮೂರು ದಿನ ಕೂತು ನಾನು ಮಾಡಿಕೊಂಡ ತಯಾರಿ ಇಷ್ಟು. ಏನು ಹೇಳಬೇಕೆಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ನಾನು ಮ್ಯಾನೇಜರ್ ಆಗಿರುವ ಅಡಿಕೆ ಮಂಡಿಯಲ್ಲಿ ಅವರು ಆರಿಸುವವರಿಗೆಲ್ಲ ಹಿರಿಯರು. ಬಸವಾಪಟ್ಟಣದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಹೆಂಗಸರು ಒಳ್ಳೆಯ ರಾಶಿ ಅಡಿಕೆಯನ್ನೂ ಸುಕ್ಕುಗಟ್ಟಿದ ಗೊರಬಲನ್ನೂ ಬೇರೆ ಮಾಡಿದ ಮೇಲೆ ಕೊನೆಯದಾಗಿ ಕಣ್ಣಾಡಿಸಿ, ಚೀಲ ಹೊಲಿಯಲು ಅಪ್ಪಣೆ ಕೊಡುವವರು. ಆ ಕಣ್ಣು ಮಂಜಾಗಿತ್ತು. ಖರೀದಿದಾರರು ಎರಡು ಸಲ ಚೀಲ ಬಿಚ್ಚಿ, ಒಳಗಿನಿಂದ ಗೊರಬಲು ಹೆಕ್ಕಿ ತೋರಿಸಿ, ಮಾಲು ವಾಪಸ್ ಕಳಿಸಿದ್ದರು. “ನೀವೇ ಮಾತಾಡ್ರಿ, ನಿಮಗೆ ನಯವಾಗಿ ಮಾತಾಡಾಕೆ ಬರ್ತೈತೆ” ಎಂದು ಮಾಲೀಕರು ಶಿವಮೊಗ್ಗಕ್ಕೆ ಹೋಗಿಬಿಟ್ಟರು.

ನಯವಾಗಿ ಮಾತಾಡುವ ನಾನು ಬಾಗಿಲು ಹಾಕಿ, ಅವರನ್ನು ಕೂರಿಸಿ, ಮೇಜಿನ ಮೇಲೆ ಎರಡು ಅಡಿಕೆ ಇಟ್ಟೆ. ಒಂದು ರಾಶಿ, ಒಂದು ಗೊರಬಲು. ಯಾವುದು ಯಾವುದೆಂದು ಕೇಳುವುದು ನನ್ನ ಯೋಜನೆ. ಇಟ್ಟ ಮೇಲೆ ನನಗೇ ಮರೆತುಹೋಯಿತು. ಬಗ್ಗಿ ನೋಡಿದೆ. ಎರಡೂ ಅಡಿಕೆಯೇ.

“ಏನ್ ಸಾಹೇಬ್ರೆ, ಪರೀಕ್ಷೆನಾ?” ಅಂದರು.

“ಇಲ್ಲ ಅಣ್ಣಾರೆ. ನನಗೇ ಗೊತ್ತಾಗ್ತಿಲ್ಲ ಈಗ.”

“ನಿಮಗೆ ಯಾವತ್ತು ಗೊತ್ತಾಗಿತ್ತು ಬಿಡ್ರಿ.”

ಅವರು ಎರಡನ್ನೂ ಎತ್ತಿ, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಉಜ್ಜಿ, ಒಂದನ್ನು ನನ್ನ ಕಡೆ ತಳ್ಳಿದರು. “ಇದು ಗೊರಬಲು. ಒಂದೊಂದೇ ಆದ್ರೆ ಕೈ ಹೇಳ್ತೈತೆ. ಗುಡ್ಡೆ ಸುರುವಿದ್ರೆ ಎಲ್ಲಾ ಒಂದೇ ಥರ ಕಾಣ್ತಾವೆ. ಯುಗಾದಿಯಿಂದ ಹಿಂಗೇ.”

ಮೂರು ದಿನ ನಾನು ಹೊತ್ತು ತಿರುಗಿದ್ದ ಮಾತನ್ನು ಅವರೇ ಆಡಿಬಿಟ್ಟಿದ್ದರು. ನನಗೆ ಹಗುರವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು; ಅದನ್ನೇ ನೋಡಿದೆ.

“ಹೆಂಗ್ ಮಾಡೋದು?” ಅಂದೆ.

“ಚೀಲ ಇಳಿಸೋ ಕಡೆ ನಿಲ್ತೀನಿ. ಹಸಿ ಐತೋ ಒಣಗೈತೋ ಅಂತ ಚೀಲದೊಳಗೆ ಕೈ ಬಿಟ್ರೆ ಸಾಕು ನಂಗೆ. ಅಲ್ಲಿ ಹಮಾಲರು ನೋಡೋದು ಏನೈತೆ, ಬೀಡಿ ಸೇದ್ತಾರೆ ಅಷ್ಟೇ.”

ಹಸಿ ಮಾಲು ಒಳಗೆ ನುಗ್ಗುವುದು ನನ್ನ ಹಳೆಯ ತಲೆನೋವು. ಆ ಬಗ್ಗೆ ಅರ್ಧ ಗಂಟೆ ಮಾತಾಡಿದೆವು, ಹಮಾಲರನ್ನು ಇಬ್ಬರೂ ಸೇರಿ ಬೈದೆವು. ನಮ್ಮಿಬ್ಬರಿಗೂ ಒಮ್ಮತವಾಗುವುದು ಇಷ್ಟು ಸುಲಭವೆಂದು ಯಾರಾದರೂ ಮೊದಲೇ ಹೇಳಿದ್ದರೆ ಬಸ್ಸಿನಲ್ಲಿ ನಿದ್ದೆಯಾದರೂ ಮಾಡುತ್ತಿದ್ದೆ.

ಏಳುವಾಗ ಅವರು ಬಾಗಿಲ ಚಿಲಕ ಹಿಡಿದು ನಿಂತರು. “ಒಂದ್ ಮಾತು. ಕಣ್ಣಿನ ವಿಷಯ ಆ ಹೆಂಗಸ್ರಿಗೆ ಗೊತ್ತಾಗಬಾರ್ದು. ಅವರಿಗೆ ಆರಿಸಾಕೆ ಕಲಿಸಿದವನು ನಾನು. ನಾನಾಗೇ ಜಾಗ ಬದಲಿ ಕೇಳಿದೆ ಅನ್ರಿ.”

“ಖಂಡಿತ” ಅಂದೆ. ಹಾಗೇ ಹೇಳಿದೆ ಕೂಡ. ಹೆಂಗಸರು ನಂಬಿದರು. “ಅಣ್ಣಗೆ ಕುಂತು ಕುಂತು ಸಾಕಾಗೈತೆ” ಎಂದು ನಕ್ಕರು.

ಯಾರೂ ಎದ್ದು ಹೋಗಲಿಲ್ಲ, ಅಳಲಿಲ್ಲ, ನ್ಯಾಮತಿಗೆ ಹೊರಡಲಿಲ್ಲ. ಜಗಳೂರಿನಿಂದ ಫೋನೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಗಾಡಿ ಬಂತು. ಅವರು ಹೊಸ ಜಾಗದಲ್ಲಿ, ಶರ್ಟಿನ ತೋಳು ಮಡಿಸಿಕೊಂಡು, ನೆಟ್ಟಗೆ ನಿಂತಿದ್ದರು. ಡ್ರೈವರು ಚೀಟಿ ಕೊಟ್ಟ. ಅವರು ಅದನ್ನು ಬೆಳಕಿಗೆ ಹಿಡಿಯುತ್ತಿದ್ದಂತೆ, ಸಹಾಯ ಮಾಡುವ ಆತುರದಲ್ಲಿ, ನಾನು ಅವರ ಕೈಯಿಂದ ಚೀಟಿ ತೆಗೆದುಕೊಂಡು, ಕಿವಿ ಕೇಳದವರಿಗೆ ಹೇಳುವಂತೆ ಗಟ್ಟಿಯಾಗಿ ಓದಿದೆ. ಊರು, ರೈತರ ಹೆಸರು, ಚೀಲ ಇಪ್ಪತ್ತೇಳು.

ಒಳಗೆ ಅಡಿಕೆ ಆರಿಸುತ್ತಿದ್ದ ಎಂಟು ಜನರ ಕೈಗಳು ನಿಂತವು.