ಹಸಿ ಕೌದಿಯ ಸಾಕ್ಷಿ

ನನ್ನ ಮುಖದ ಒಂದು ಸ್ಟಿಕರ್ ವಿಜಯಪುರ ಜಿಲ್ಲೆಯ ಎಷ್ಟೋ ಫೋನುಗಳಲ್ಲಿ ಇವತ್ತಿಗೂ ಇದೆ. ಬಾಯಿ ಅರ್ಧ ತೆರೆದಿದೆ, ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಮೇಲಕ್ಕೆ ಹೋಗಿದೆ. ಸೀನು ಬರುವ ಮುಂಚಿನ ಮುಖ. ಕೆಳಗೆ ಹಳದಿ ಅಕ್ಷರಗಳಲ್ಲಿ ‘ಉತ್ತರ ಹುಡುಕಾಕತ್ತಾರ, ಕಾಯ್ರಿ’ ಎಂದಿದೆ. ಗುಂಪಿನಲ್ಲಿ ಒಬ್ಬರು ಪ್ರಶ್ನೆ ಕೇಳಿ ಇನ್ನೊಬ್ಬರು ಸುಮ್ಮನಾದರೆ ಅದನ್ನು ಹಾಕುತ್ತಾರೆ. ಹಾಕುವವರಲ್ಲಿ ಅರ್ಧ ಮಂದಿಗೆ ಅದು ಯಾರ ಮುಖವೆಂದು ಗೊತ್ತಿಲ್ಲ. ಉಳಿದ ಅರ್ಧ ಮಂದಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅದು ಅಂತರಕಾಲೇಜು ಚರ್ಚಾಸ್ಪರ್ಧೆಯ ಕೊನೆಯ ಸುತ್ತು. ಎಲ್ಲರೂ ತಂತಮ್ಮ ಮನೆಯಿಂದಲೇ ಪರದೆಯ ಮೇಲೆ ಸೇರಬೇಕಿತ್ತು. ನಾನು ವಿಜಯಪುರದ ನಮ್ಮ ಕಾಲೇಜಿನ ಪರವಾಗಿ ತಿಕೋಟಾದ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದೆ. ಎದುರಾಳಿ ಬಬಲೇಶ್ವರದ ಹುಡುಗ, ನನ್ನದೇ ವಯಸ್ಸು. ವಿಷಯ: ವಾರದ ಸಂತೆಯ ಕಾಲ ಮುಗಿದಿದೆ. ಚೀಟಿಯಲ್ಲಿ ನನಗೆ ಬಂದದ್ದು ಪರ, ಅವನಿಗೆ ವಿರೋಧ. ಬೆಳೆ ಬೆಳೆದವರು ಮನೆಯಲ್ಲೇ ಕೂತು ಫೋನಿನಿಂದ ಮಾರಬಹುದು, ಬಿಸಿಲಲ್ಲಿ ಇಡೀ ದಿನ ಕೂಡುವುದು ಯಾವ ಸಂಸ್ಕೃತಿ ಎಂದು ನಾನು ಚೆನ್ನಾಗಿಯೇ ಹೊಡೆದಿದ್ದೆ. ಆಮೇಲೆ ಅವನು ಪ್ರಶ್ನೆ ಕೇಳುವ ಸರದಿ.

“ಮೇಡಂ, ನಮ್ಮ ಸಂತ್ಯಾಗ ಒಬ್ಬಾಕಿ ಮುದುಕಿ ಕೊತಂಬ್ರಿ ಮಾರ್ತಾಳ. ಆಕಿ ಕಡೆ ಫೋನ್ ಇಲ್ಲ. ಸಂತಿ ಮುಚ್ಚಿದ ಮ್ಯಾಲ ಆಕಿ ಎಲ್ಲಿ ಕುಂದ್ರಬೇಕ್ರಿ?”

ನನ್ನ ಬಳಿ ಉತ್ತರವಿತ್ತು. ಅದನ್ನು ಹೇಳಲು ಬಾಯಿ ತೆರೆದೆ. ಪರದೆಯ ಮೇಲೆ ಎಲ್ಲರೂ ಕಲ್ಲಾದರು. ರೌಟರ್ ಆರಿಸಿ ಹಚ್ಚಿ, ಕಂಪ್ಯೂಟರನ್ನೂ ಆರಿಸಿ ಹಚ್ಚಿ ಒದ್ದಾಡಿದೆ. ಮತ್ತೆ ಒಳಗೆ ಹೋಗುವಷ್ಟರಲ್ಲಿ ಬಹುಮಾನ ಘೋಷಿಸಿ ಮುಗಿದಿತ್ತು. ನಾನು ಕಾಣೆಯಾದಾಗ ಅವನು ಏನು ಹೇಳಿದನೆಂದು ಗೆಳತಿ ರೆಕಾರ್ಡಿಂಗ್ ಕಳಿಸಿದಳು. “ಉತ್ತರ ಇರ್ಲಿಲ್ಲ ಅನಸ್ತೈತ್ರಿ. ಮೇಡಂ ನೆಟ್ ತಗದು ಓಡಿ ಹೋದ್ರು.” ತೀರ್ಪುಗಾರರೂ ನಕ್ಕಿದ್ದಾರೆ. ಸಂಜೆಗೆ ಸ್ಪರ್ಧೆಯ ವಾಟ್ಸಾಪ್ ಗುಂಪಿನಲ್ಲಿ, ಬಾಯಿ ತೆರೆದಲ್ಲೇ ನಿಂತುಹೋದ ನನ್ನ ಮುಖದ ಸ್ಟಿಕರ್ ಬಂತು.

ಸೋತದ್ದಕ್ಕೆ ನಾನು ಅತ್ತವಳಲ್ಲ. ಚರ್ಚೆ ಕಲಿಯುವವರು ಮೊದಲು ಕಲಿಯುವುದೇ ಸೋಲುವುದನ್ನು. ಓಡಿಹೋದಳು ಎನ್ನುವುದು ಬೇರೆ ಮಾತು. ಆ ಮಾತನ್ನು ಅವನ ಬಾಯಿಂದಲೇ, ಅದೇ ಗುಂಪಿನಲ್ಲಿ, ವಾಪಸ್ ತೆಗೆಸಬೇಕು ಎಂದು ನಿಶ್ಚಯಿಸಿದೆ. ‘ನೆಟ್ ಹೋಗಿತ್ತು’ ಎಂದು ಬರೆದರೆ ಯಾರು ನಂಬುತ್ತಾರೆ? ನಿಜವಾಗಿ ಓಡಿದವರೂ ಅದನ್ನೇ ಬರೆಯುತ್ತಾರೆ. ನನಗೆ ಸಾಕ್ಷ್ಯ ಬೇಕಿತ್ತು, ಒಬ್ಬ ಅಪರಾಧಿಯೂ ಬೇಕಿತ್ತು.

ಅಪರಾಧಿ ಯಾರೆಂದು ಮೊದಲೇ ಗೊತ್ತಿದೆ ಎಂದುಕೊಂಡಿದ್ದೆ. ನಮ್ಮ ಓಣಿಗೆ ಸಂಪರ್ಕ ಕೊಟ್ಟವನು ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಅಂಗಡಿ ಇಟ್ಟಿರುವ ಮನುಷ್ಯ. ನಮ್ಮಲ್ಲಿಗೆ ನೆಟ್ ಬರುವುದು ತಂತಿಯಲ್ಲಲ್ಲ. ಇಟ್ಟಂಗಿಹಾಳದ ಕಡೆಗಿರುವ ಟವರಿಗೆ ಮುಖ ಮಾಡಿ, ಮಾಳಿಗೆಯ ಮೇಲೆ ಕಬ್ಬಿಣದ ಪೈಪಿಗೆ ಒಂದು ತಟ್ಟೆಯಂಥ ಆಂಟೆನಾ ಕೂಡಿಸಿದ್ದಾನೆ. ಅಲ್ಲಿಂದ ಒಂದು ವೈರು ಪಡಸಾಲೆಯ ರೌಟರಿಗೆ ಇಳಿಯುತ್ತದೆ, ರೌಟರಿನಿಂದ ಕಂಪ್ಯೂಟರಿಗೆ ವೈಫೈ. ಮರುದಿನ ಅವನನ್ನು ಕರೆಸಿದೆ. ಅವನು ಬಂದದ್ದು ಬೆಳಗ್ಗೆ ಒಂಬತ್ತಕ್ಕೆ. ಆಗ ನೆಟ್ ಹರಿಯುವ ನೀರಿನಂತೆ ಓಡುತ್ತಿತ್ತು.

“ತಂಗೀ, ಲೈನ್ ಪಕ್ಕಾ ಐತಿ. ನಿಮ್ಮ ಕಂಪ್ಯೂಟರಿನ್ಯಾಗ ವೈರಸ್ ಹೊಕ್ಕೈತಿ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ರಿ.”

“ವೈರಸ್ ನೋಡಿದ್ರೇನ್ರಿ ನೀವು?”

“ನೋಡೂದೇನ್ರಿ. ಅನುಭವ.”

ಅನುಭವ ಎಂಬ ಶಬ್ದವನ್ನು ವಾದದ ನಡುವೆ ಎಳೆದು ತರುವವರನ್ನು ಕಂಡರೆ ನನಗಾಗುವುದಿಲ್ಲ. ಅವನು ಹೋದ ಮೇಲೆ ಒಂದು ನೋಟಬುಕ್ ತೆಗೆದೆ. ಕಂಪ್ಯೂಟರಿನಲ್ಲಿ ಎರಡು ಕಪ್ಪು ಕಿಟಕಿ ತೆರೆದಿಟ್ಟೆ. ಒಂದು ಕಿಟಕಿ ಸೆಕೆಂಡಿಗೊಮ್ಮೆ ರೌಟರನ್ನು ‘ಇದ್ದೀಯಾ’ ಎಂದು ಕೇಳುತ್ತದೆ, ಇನ್ನೊಂದು ಊರ ಹೊರಗಿನ ಜಗತ್ತನ್ನು ಕೇಳುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಟ್ ಹೋಯಿತು. ರೌಟರ್ ತಪ್ಪದೆ ‘ಇದ್ದೇನೆ’ ಎನ್ನುತ್ತಿತ್ತು, ಹೊರಗಿನ ಜಗತ್ತು ಮಾತ್ರ ಸುಮ್ಮನಾಗಿತ್ತು. ಅಂದರೆ ಕಂಪ್ಯೂಟರಿಗೂ ರೌಟರಿಗೂ ನಡುವೆ ಮಾತುಕತೆ ಚೆನ್ನಾಗಿದೆ. ರೌಟರಿನಿಂದ ಆಚೆಗೆ ಕೆಟ್ಟಿದೆ. ಅದೇ ವೈಫೈ ಹಿಡಿದ ಅವ್ವನ ಫೋನೂ ಅದೇ ಗಳಿಗೆಯಲ್ಲಿ ನಿಂತಿತ್ತು. ಕಂಪ್ಯೂಟರ್ ನಿರ್ದೋಷಿ. ಅಂಗಡಿಯವನಿಗೆ ಫೋನ್ ಮಾಡಿ ಹೇಳಿದೆ.

“ಮೋಡ ಮುಸುಕಿದ್ರ ಹಂಗ ಆಕ್ಕೈತ್ರಿ ತಂಗಿ,” ಎಂದ.

ಬರೆದುಕೊಂಡೆ. ಎರಡು ದಿನ ಬಿಟ್ಟು ಬೆಳಗಿನಿಂದ ಸಂಜೆಯವರೆಗೆ ಜಿಟಿಜಿಟಿ ಮಳೆ. ನೆಟ್ ಒಮ್ಮೆಯೂ ಹೋಗಲಿಲ್ಲ. ಮರುದಿನ ರಣರಣ ಬಿಸಿಲು, ಹನ್ನೊಂದಕ್ಕೆಲ್ಲ ನೆಟ್ ಸತ್ತಿತು. ಮತ್ತೆ ಫೋನ್.

“ಮಳಿ ಬಂದಾಗ ಚಲೋ ನಡದೈತಿ. ಬಿಸಲ ಬಿದ್ದ ಕೂಡಲೆ ಬಂದ್. ಈಗ ಏನಂತೀರಿ?”

“ಬಿಸಲಿಗೆ ಡಬ್ಬಿ ಕಾಯ್ತೈತ್ರಿ.”

“ಮೋಡಕ್ಕೂ ಕೆಡತೈತಿ, ಬಿಸಲಿಗೂ ಕೆಡತೈತಿ ಅಂತೀರಿ. ಹಂಗಾರ ಯಾವ ಲೋಕದಾಗ ನಡೀತೈತ್ರಿ ಇದು?”

“ನಿಮ್ಮ ಕೂಡ ಮಾತಾಡಾಕ ನಮಗ ಆಗೂದಿಲ್ಲವಾ,” ಎಂದು ಇಟ್ಟುಬಿಟ್ಟ.

ಈ ಎಲ್ಲ ದಿನಗಳಲ್ಲಿ ಅವ್ವ ನನ್ನನ್ನು ಕರೆಯುತ್ತಲೇ ಇದ್ದಳು. ನವರಾತ್ರಿಗೆ ಘಟ ಕೂಡಿಸುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ನೀರು ಕಾಣಬೇಕು. ನಮ್ಮ ಮನೆಯಲ್ಲಿ ಕೌದಿಗಳೇ ಹದಿನಾರು. ಹಳೆ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಕಿ ಹೊಲಿದ ಕೌದಿ ನೀರು ಕುಡಿದರೆ ಒಬ್ಬರಿಂದ ಎತ್ತಲಾಗದು. ಹಿಂಡಲು ಎರಡೂ ತುದಿಗೆ ಆಳು ಬೇಕು.

“ಸತ್ತ ನೆಟ್ಟಿನ ಮುಂದ ಎಷ್ಟ ದಿನಾ ಕುಂದರತೀ? ಬಾ ಬೇ, ಕೌದಿಗೆ ಒಂದ ಕೈ ಹಚ್ಚು.”

“ನಾ ಲೆಕ್ಕ ಬರ್ಯಾಕತ್ತೇನಿ ಯವ್ವಾ.”

“ಬರಿ ಬರಿ. ಅವನ್ನೂ ಜೈಲಿಗೆ ಹಾಕಸು, ಆ ರೌಟರನ್ನೂ ಹಾಕಸು. ಕೌದಿ ನಾ ಒಬ್ಬಾಕಿ ಹಿಂಡ್ತೇನಿ.”

ಏಳನೆಯ ದಿನ ನಾನು ಓಣಿಯ ವಾಟ್ಸಾಪ್ ಗುಂಪಿನಲ್ಲಿ ಆ ಮನುಷ್ಯನ ಮೇಲೆ ಆರೋಪಪಟ್ಟಿ ಹಾಕಿದೆ. ಹೋದ ಸಮಯ, ಬಂದ ಸಮಯ, ವೈರಸ್ ಎಂದದ್ದು, ಮೋಡ ಎಂದದ್ದು, ಬಿಸಿಲು ಎಂದದ್ದು, ಎಲ್ಲವನ್ನೂ ಕ್ರಮವಾಗಿ. ‘ಈ ಮನುಷ್ಯನಿಗೆ ತನ್ನ ಕಸುಬು ಗೊತ್ತಿಲ್ಲ’ ಎಂದು ಮುಗಿಸಿದೆ. ಓಣಿಯ ಹಿರಿಯರೂ ಹೆಬ್ಬೆರಳು ಎತ್ತಿದರು. ಆ ಮಧ್ಯಾಹ್ನ ಊಟ ರುಚಿಯಾಗಿತ್ತು.

ಎಂಟನೆಯ ದಿನ ನಾಲ್ಕರ ಸುಮಾರಿಗೆ ಕಪ್ಪು ಕಿಟಕಿಯ ಮುಂದೆ ಕೂತಿದ್ದೆ. ಹೊರಗಿನ ಜಗತ್ತು ಮೂರು ತಾಸಿನಿಂದ ಸುಮ್ಮನಿತ್ತು. ಇದ್ದಕ್ಕಿದ್ದಂತೆ ಉತ್ತರಗಳು ಸಾಲಾಗಿ ಇಳಿಯತೊಡಗಿದವು. ಗಡಿಯಾರ ನೋಡಿ ಬರೆಯುತ್ತಿದ್ದೆ, ಮಾಳಿಗೆಯ ಮೆಟ್ಟಿಲಲ್ಲಿ ಅವ್ವ ತಲೆಯ ಮೇಲೆ ಎರಡು ಕೌದಿ ಹೊತ್ತು ಇಳಿದುಬಂದಳು.

ಪೆನ್ನು ನಿಂತಿತು. ಹೋದದ್ದು ಯಾವಾಗಲೂ ಒಗೆದು ಹಾಕುವ ಹೊತ್ತಿಗೆ, ಬಂದದ್ದು ಒಣಗಿ ತೆಗೆಯುವ ಹೊತ್ತಿಗೆ. ಮಳೆ ಬಂದ ದಿನ ಯಾರೂ ಕೌದಿ ಹಾಕಿರಲಿಲ್ಲ.

“ಯವ್ವಾ, ಅವನ್ನ ಮತ್ತ ಹಾಕು.”

“ಒಣಗಿದ್ದನ್ನ ಯಾಕ ಹಾಕ್ಲಿ? ತೆಲಿ ನೆಟ್ಟಗೈತಿಲ್ಲೋ?”

ನಾನೇ ಹೊತ್ತುಕೊಂಡು ಹೋಗಿ ಹಗ್ಗದ ಮೇಲೆ ಹಾಕಿ ಕೆಳಗೆ ಓಡಿ ಬಂದೆ. ನೆಟ್ ಹೋಗಲಿಲ್ಲ. ಮತ್ತೆ ಮೇಲೆ ಹೋಗಿ, ಎರಡು ಕೊಡ ನೀರನ್ನು ಆ ಒಣಗಿದ ಕೌದಿಗಳ ಮೇಲೆ ಸುರಿದೆ. ಅವ್ವ ಅಂದದ್ದನ್ನು ಇಲ್ಲಿ ಬರೆಯಲಾರೆ. ಕೆಳಗೆ ಬಂದು ನೋಡಿದರೆ ಹೊರಗಿನ ಜಗತ್ತು ಸುಮ್ಮನಾಗಿತ್ತು. ಒದ್ದೆಯಾದ ದಪ್ಪ ಬಟ್ಟೆ ಆಂಟೆನಾದ ಮುಖಕ್ಕೆ ಸರಿಯಾಗಿ ಗೋಡೆಯಂತೆ ನಿಂತಿತ್ತು. ನೀರು ಟವರಿನ ಸಂಕೇತವನ್ನು ಕುಡಿದುಬಿಡುತ್ತದೆ. ಜಿಟಿಜಿಟಿ ಮಳೆಯಲ್ಲಿ ಇರುವ ನೀರು ಎಷ್ಟು, ಒಂದು ಕೌದಿ ಹೊಟ್ಟೆಯಲ್ಲಿಟ್ಟುಕೊಳ್ಳುವ ನೀರು ಎಷ್ಟು. ಮೂರು ಸಲ ತೆಗೆದು, ಮೂರು ಸಲ ಹಾಕಿ, ವಿಡಿಯೋ ಮಾಡಿಕೊಂಡೆ.

ಮೂರನೆಯ ಸಲ ಹಾಕುವಾಗ ಹಗ್ಗದ ಗಂಟು ಕಣ್ಣಿಗೆ ಬಿತ್ತು. ಚರ್ಚೆಯ ದಿನ ಬೆಳಗ್ಗೆ ಅವ್ವ, ಇದ್ದ ಹಗ್ಗ ಸಾಲದು, ಇನ್ನೊಂದು ಕಟ್ಟು ಎಂದಿದ್ದಳು. ಮಾತು ಅಭ್ಯಾಸ ಮಾಡುವ ಅವಸರದಲ್ಲಿ, ಹತ್ತಿರ ಕಂಡ ಪೈಪಿಗೆ ಒಂದು ತುದಿ, ಎದುರಿನ ಪ್ಯಾರಾಪೆಟ್ಟಿನ ಕೊಂಡಿಗೆ ಇನ್ನೊಂದು ತುದಿ ಬಿಗಿದು ಇಳಿದಿದ್ದೆ. ಅದು ಆಂಟೆನಾದ ಪೈಪು. ಎಂಟು ದಿನ ನಾನು ಬೆನ್ನಟ್ಟಿದ ಅಪರಾಧಿ ಪಡಸಾಲೆಯಲ್ಲೇ ಕೂತು ನೋಟಬುಕ್ ಬರೆಯುತ್ತಿದ್ದಳು.

ಸೊಲ್ಲಾಪುರ ರಸ್ತೆಯವನನ್ನು ಕರೆಸಿ ತೋರಿಸಿದೆ. ತೋರಿಸದೆ ಇರಬಹುದಿತ್ತು. ಆದರೆ ಸುಳ್ಳು ಸಾಕ್ಷ್ಯ ಇಟ್ಟುಕೊಂಡು ಬಬಲೇಶ್ವರಕ್ಕೆ ಹೋಗಲು ನನಗೆ ಆಗುತ್ತಿರಲಿಲ್ಲ. ಅವನು ಹಗ್ಗ ನೋಡಿದ, ಕೌದಿ ಮುಟ್ಟಿ ನೋಡಿದ, ನನ್ನನ್ನು ನೋಡಿದ.

“ತಂಗೀ, ಇದನ್ನ ಗ್ರೂಪಿನ್ಯಾಗ ನೀವ ಹಾಕ್ತೀರೋ, ನಾ ಹಾಕ್ಲೋ?”

ನಾನೇ ಹಾಕಿದೆ. ಹಗ್ಗ ಕಟ್ಟಿದ ತಪ್ಪು ನನ್ನದು, ಕಸುಬು ಗೊತ್ತಿಲ್ಲ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಬರೆದೆ. ವೈರಸ್ ಎಂದದ್ದು ಮಾತ್ರ ಈಗಲೂ ಅವರದೇ ತಪ್ಪು ಎಂದು ಕೊನೆಯ ಸಾಲಿನಲ್ಲಿ ಸೇರಿಸಿದೆ. ಅಷ್ಟನ್ನೂ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ಬಬಲೇಶ್ವರಕ್ಕೆ ಸಂತೆಯ ದಿನವೇ ಹೋದೆ. ಅವತ್ತು ಆ ಹುಡುಗ ತಮ್ಮ ಕಿರಾಣಿ ಅಂಗಡಿಯಲ್ಲಿ ಕೂಡುತ್ತಾನೆ, ಅವನ ಗೆಳೆಯರಿಬ್ಬರೂ ಕಟ್ಟೆಯ ಮೇಲಿರುತ್ತಾರೆ ಎಂದು ವಿಚಾರಿಸಿಕೊಂಡಿದ್ದೆ. ಆ ಇಬ್ಬರೂ ಸ್ಟಿಕರ್ ಹುಟ್ಟಿದ ಗುಂಪಿನಲ್ಲಿರುವವರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಮುಖ ಬಿಳಿಚುವುದನ್ನು ಕಲ್ಪಿಸಿಕೊಳ್ಳುತ್ತ ಹೋದೆ.

ಮುಖ ಬಿಳಿಚಲಿಲ್ಲ. “ಬರ್ರಿ ಮೇಡಂ, ಚಾ ತರಸ್ಲೇನ್ರಿ?” ಎಂದ.

“ಚಾ ಆಮ್ಯಾಲ. ಅವತ್ತಿನ ನಿಮ್ಮ ಪ್ರಶ್ನಿಗೆ ಉತ್ತರ ಕೊಡಾಕ ಬಂದೇನಿ.”

ಅವನು ಗೆಳೆಯರ ಕಡೆ ನೋಡಿದ. “ಯಾವ ಪ್ರಶ್ನಿರಿ?”

ಮರೆತಿದ್ದ. ಎರಡು ವಾರ ನಾನು ಉಂಡದ್ದು, ಮಲಗಿದ್ದು ಆ ಪ್ರಶ್ನೆಯ ಜೊತೆ, ಅವನಿಗೆ ಅದರ ನೆನಪೇ ಇರಲಿಲ್ಲ. ಅವನ ಪ್ರಶ್ನೆಯನ್ನು ನಾನೇ ಅವನಿಗೆ ನೆನಪಿಸಬೇಕಾಯಿತು. ಕಟ್ಟೆಯ ಮೇಲೆ ಕೂತು, ಮೊದಲು ಫೋನ್ ತೆಗೆದು ಕೌದಿಯ ವಿಡಿಯೋ ತೋರಿಸಿದೆ. ನೋಟಬುಕ್ಕಿನ ಪುಟ ತಿರುವಿದೆ. ಗೆಳೆಯರಿಬ್ಬರೂ ಬಗ್ಗಿ ನೋಡಿದರು, ಒಬ್ಬ ನಕ್ಕ, ನಾನು ಅವನನ್ನೇ ದಿಟ್ಟಿಸಿದ ಮೇಲೆ ನಿಲ್ಲಿಸಿದ.

“ಈಗ ಉತ್ತರ ಕೇಳ್ರಿ,” ಎಂದೆ. “ಆ ಮುದುಕಿಗೆ ಫೋನ್ ಬೇಕಿಲ್ಲ. ಓಣಿಗೆ ಒಂದು ಫೋನ್ ಸಾಕು. ಫೋನ್ ಇದ್ದಾಕಿ ಹತ್ತು ಮಂದಿ ಪರವಾಗಿ ಬೇಡಿಕಿ ತಗೋತಾಳ, ಗಾಡಿ ಓಣಿಗೇ ಬರತೈತಿ. ಮುದುಕಿ ತನ್ನ ಮನಿ ಕಟ್ಟಿ ಮ್ಯಾಲೇ ಕುಂದರತಾಳ, ನೆಳ್ಳಾಗ.”

ಆವತ್ತು ಹೇಳಬೇಕೆಂದಿದ್ದ ಮಾತೇ ಇದು, ಒಂದಕ್ಷರ ಬದಲಿಸಿರಲಿಲ್ಲ. ಅವನು ತಲೆಯಾಡಿಸಿದ, ಒಪ್ಪಿದಂತೆಯೇ ಕಂಡ. ಆಮೇಲೆ ನನ್ನ ನೋಟಬುಕ್ಕಿನ ಮೇಲೆ ಬೆರಳಿಟ್ಟ.

“ಈ ಕೌದಿ ಸಂಗತಿ ಖರೇನ್ರಿ?”

“ಖರೇ.”

“ಪಕ್ಕಾ?”

“ಮೂರು ಸಲ ಮಾಡಿ ನೋಡೇನಿ.”

“ಹಂಗಾರ ಎರಡು ಹಸಿ ಕೌದಿಗೆ ನಿಮ್ಮ ಸಂತಿ ಬಂದ್ ಆತಲ್ರಿ. ಓಣಿಗೆ ಒಂದ ಫೋನ್, ಅದರ ನೆಟ್ಟಿನ ಮುಂದ ಯಾರೋ ಕೌದಿ ಹಾಕ್ಯಾರ. ಮೂರು ತಾಸು ಗಾಡಿ ಇಲ್ಲ, ಬೇಡಿಕಿ ಇಲ್ಲ. ಕೊತಂಬ್ರಿ ಅಷ್ಟೊತ್ತಿಗೆ ಬಾಡತೈತಿ. ಆಗ ಏನ್ ಮಾಡ್ತಾಳ್ರಿ ಆಕಿ?”

ಎದುರಿಗೆ ಸಂತೆ ನಡೆದಿತ್ತು. ಕೌದಿ ಸುಳ್ಳೆಂದರೆ ನಾನು ಓಡಿಹೋದವಳು. ಕೌದಿ ನಿಜವೆಂದರೆ ನನ್ನ ವಾದ ಬಿತ್ತು. ಬೀಳಿಸಲು ಬೇಕಾದ ಕಲ್ಲನ್ನು ತಿಕೋಟಾದಿಂದ ನಾನೇ ಹೊತ್ತು ತಂದು, ಪುಟಸಂಖ್ಯೆ ಹಾಕಿ ಅವನ ಕೈಗೆ ಕೊಟ್ಟಿದ್ದೆ. ಕಾಯಂ ಸಂಪರ್ಕ, ಎರಡನೆಯ ಫೋನ್ ಎಂದು ಏನಾದರೂ ತೇಪೆ ಹಚ್ಚಬಹುದಿತ್ತು. ತೇಪೆ ಎಂದು ನನಗೇ ಗೊತ್ತಿತ್ತು, ಅವನಿಗೂ ಗೊತ್ತಾಗುತ್ತಿತ್ತು. ಗೆಳೆಯರಿಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಇದಕ್ಕ ನನ್ನ ಕಡೆ ಉತ್ತರ ಇಲ್ಲ,” ಎಂದೆ. ಕಟ್ಟೆಯಿಂದ ಏಳಲಿಲ್ಲ.

ಅವನಿಗೇ ಮುಜುಗರವಾಯಿತೇನೋ, “ಹೋಗ್ಲಿ ಬಿಡ್ರಿ ಮೇಡಂ. ಆ ಸ್ಟಿಕರ್ ಅಳಿಸಿಬಿಡ್ತೇನಿ,” ಎಂದ.

“ಅಳಿಸಬ್ಯಾಡ್ರಿ. ಅಳಿಸಿದ್ರ ನೀವು ಒಳ್ಳ್ಯಾವ್ರಾಗ್ತೀರಿ, ನಾ ಓಡಿ ಹೋದಾಕಿನ ಉಳೀತೇನಿ. ಅದ ಗುಂಪಿನ್ಯಾಗ ಬರೀರಿ, ನಾ ಓಡಿ ಹೋಗಿದ್ದಿಲ್ಲಂತ. ಈಗ, ನನ್ನ ಮುಂದ.”

ಫೋನ್ ತೆಗೆದ. ಬಹಳ ಹೊತ್ತು ಒತ್ತಿದ. ಕಳಿಸುವ ಮೊದಲು ನನಗೆ ತೋರಿಸಿದ: ‘ಅವತ್ತು ಮೇಡಂ ಓಡಿ ಹೋಗಿರಲಿಲ್ಲ, ನಾನು ತಪ್ಪು ಹೇಳಿದ್ದೆ. ಇವತ್ತು ಬಬಲೇಶ್ವರಕ್ಕೆ ಬಂದು ಕುಳಿತು ಸೋತರು.’

“ಸೋತರು ಯಾಕ?” ಎಂದೆ.

“ಮತ್ತೇನಂತ ಬರೀಲಿ? ಉತ್ತರ ಇಲ್ಲ ಅಂದ್ರಲ್ಲ.”

ಆ ಒಂದು ಶಬ್ದದ ಮೇಲೆ ಹತ್ತು ನಿಮಿಷ ವಾದ ಮಾಡಿದೆ. ತೀರ್ಪು ಕೊಡುವವರಿಲ್ಲದೆ ಸೋಲು ಹೇಗಾಗುತ್ತದೆ ಎಂದು ಕೇಳಿದೆ. ಅವನು ಗೆಳೆಯರಿಬ್ಬರನ್ನು ತೋರಿಸಿದ. ಒಬ್ಬ ನೆಲ ನೋಡಿದ. ಇನ್ನೊಬ್ಬ, ಮೊದಲು ನಕ್ಕಿದ್ದವನು, “ಸೋತ್ರಿ ಬಿಡ್ರಿ ಅಕ್ಕಾರ, ಆದ್ರ ಓಡಿಲ್ಲ,” ಎಂದ.

ಎರಡು ವಾಕ್ಯಗಳನ್ನೂ ಮತ್ತೊಮ್ಮೆ ಓದಿದೆ. ಎರಡೂ ನಿಜವಾಗಿದ್ದವು. ಕಳಿಸ್ರಿ ಅಂದೆ. ಕಳಿಸಿದ. ಗುಂಪಿನವರೆಲ್ಲ ಓದಿದ ಮೇಲಷ್ಟೇ ಸಂದೇಶದ ಪಕ್ಕದ ಎರಡು ಟಿಕ್ ಗುರುತುಗಳು ನೀಲಿಯಾಗುತ್ತವೆ. ಅವನು ಫೋನನ್ನು ಜೇಬಿಗೆ ಇಡಲು ಹೋದಾಗ, ಇಡಬೇಡಿ, ಇಲ್ಲೇ ಕಟ್ಟೆಯ ಮೇಲಿರಲಿ ಎಂದೆ. ತಿಕೋಟಾದ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಚಹಾ ತರಿಸಿ ಎಂದು ಹೇಳಿ ಅಲ್ಲೇ ಕೂತೆ.